ಕಥೋಲಿಕರ ದೃಷ್ಟಿಯಲ್ಲಿ ಜೀವ ಮತ್ತು ಸಂಸಾರ

ಕಡೂರಿನ ಕಡೆಯಿಂದ ಬಂದ ರೈಲುಹಾದಿ ಬೀರೂರಿನಲ್ಲಿ ಕವಲೊಡೆದು, ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುತ್ತದೆ. ನನ್ನ ಬಂಧುಬಳಗವೆಲ್ಲ ಈ ಮೂರು ಊರುಗಳಲ್ಲೇ ಹರಡಿತ್ತು. ಅಜ್ಜಂಪುರದ ಸೋದರತ್ತೆ 1962ರಲ್ಲಿ ಏಳನೆಯ ಹೆರಿಗೆಯಲ್ಲಿ ತೀರಿಕೊಂಡರು. ಆ ಗರ್ಭ ನಿಂತಾಗ ಆಕೆ ಮಂಗಳೂರು ಸೀಮೆಯ ಕಥೋಲಿಕ ನರ್ಸಮ್ಮನೊಬ್ಬರ ಬಳಿ ಹೋಗಿ, ಇಳಿಸುವ ಮದ್ದು ಬೇಡಿದ್ದರಂತೆ. ನರ್ಸಮ್ಮ ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲವೆಂಬುದನ್ನು ತಿಳಿಯಲು ನನಗೆ ಬಹಳ ವರ್ಷಗಳು ಹಿಡಿದವು.

ಜೀವ ದೇವರು ಕೊಟ್ಟದ್ದು, ಗರ್ಭ ನಿಂತ ಗಳಿಗೆಯಿಂದ ಸಹಜ ಮರಣದವರೆಗೆ ಅದನ್ನು ಕೊಲ್ಲುವ ಅಧಿಕಾರ ಯಾರಿಗೂ ಇಲ್ಲ ಎಂಬುದು ಕಥೋಲಿಕ ಧರ್ಮಸಭೆಯ ಮೂಲನಂಬಿಕೆ. ಹಾಗೆಂದು ತಾಯಿಯ ಚಿಕಿತ್ಸೆಗೆ ಅದು ಅಡ್ಡಬರುವುದಿಲ್ಲ. ಬಸುರಿಯ ಗರ್ಭಕೋಶಕ್ಕೆ ಕ್ಯಾನ್ಸರ್ ತಗುಲಿದ್ದರೆ ಅದನ್ನು ತೆಗೆಯಬಹುದು. ಭ್ರೂಣ ಉಳಿಯದೆಂದು ಗೊತ್ತಿದ್ದರೂ ಅಲ್ಲಿ ವೈದ್ಯನ ಉದ್ದೇಶ ರೋಗವನ್ನು ನೀಗುವುದೇ ಹೊರತು ಕೂಸನ್ನು ಕೊಲ್ಲುವುದಲ್ಲ ಎಂಬುದು ಅವರ ತರ್ಕ. ನಮ್ಮ ದೇಶದ 1971ರ ಗರ್ಭಪಾತ ಕಾಯಿದೆಯನ್ನೂ, ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು 24 ವಾರಗಳಿಗೆ ಏರಿಸಿದ 2021ರ ತಿದ್ದುಪಡಿಯನ್ನೂ ಧರ್ಮಸಭೆ ಒಪ್ಪದಿರುವುದು ಈ ಮೂಲನಂಬಿಕೆಯಿಂದಲೇ.

ಗರ್ಭನಿರೋಧದ ಪ್ರಶ್ನೆ ಬೇರೆ. ಇಲ್ಲಿ ನಮ್ಮ ನಾಡಿನದೇ ಒಂದು ಕಥೆಯುಂಟು. 1930ರ ಜೂನ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲ ಸಲವೆಂದು ಹೇಳುತ್ತಾರೆ. ಈ ಮೂರೂ ಊರುಗಳು ಆಗ ಆ ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದವು. ಅದೇ ವರ್ಷದ ಡಿಸೆಂಬರ್ 31ರಂದು ಹನ್ನೊಂದನೆಯ ಪಿಯುಸ್ ಪೋಪರು ಕೃತಕ ನಿರೋಧ ಪಾಪವೆಂದು ವಿಶ್ವಪತ್ರ ಹೊರಡಿಸಿದರು. ಮೈಸೂರಿಗೆ ಉತ್ತರವಾಗಿ ಅಲ್ಲ, ಆಂಗ್ಲಿಕನ್ ಬಿಷಪ್ಪರು ಆ ವರ್ಷ ತೋರಿದ ಸಡಿಲಿಕೆಗೆ ಉತ್ತರವಾಗಿ!

ಮಕ್ಕಳನ್ನು ಹೆರುತ್ತಲೇ ಇರಿ ಎಂದು ಧರ್ಮಸಭೆ ಹೇಳುತ್ತದೆಂಬುದು ತಪ್ಪುಗ್ರಹಿಕೆ. ಆರೋಗ್ಯ, ಬಡತನ ಮುಂತಾದ ತಕ್ಕ ಕಾರಣವಿದ್ದರೆ ದಂಪತಿಗಳು ಗರ್ಭ ನಿಲ್ಲದ ದಿನಗಳನ್ನು ಆಯ್ದುಕೊಳ್ಳಬಹುದೆಂದು ಹನ್ನೆರಡನೆಯ ಪಿಯುಸರು 1951ರಲ್ಲಿ ಇಟಲಿಯ ಸೂಲಗಿತ್ತಿಯರಿಗೆ ಹೇಳಿದ್ದರು. ಸೋಜಿಗವೆಂದರೆ, ಮರುವರ್ಷ ಇದೇ ವಿಧಾನದ ಪ್ರಯೋಗ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿ ನಡೆಯಿತು. ಅದರ ಹಿಂದಿದ್ದ ಸಚಿವೆ ರಾಜಕುಮಾರಿ ಅಮೃತ ಕೌರ್ ಕಥೋಲಿಕರಲ್ಲ, ಗಾಂಧೀಜಿಯ ಅನುಯಾಯಿ. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಯೋಜನೆ ಫಲಿಸಲಿಲ್ಲ.

ಆರನೆಯ ಪೌಲ್ ಪೋಪರು ತಮ್ಮದೇ ಆಯೋಗದ ಬಹುಮತವನ್ನು ಬದಿಗಿಟ್ಟು 1968ರಲ್ಲಿ ಹಳೆಯ ನಿಷೇಧವನ್ನೇ ಎತ್ತಿಹಿಡಿದರು. ಅದನ್ನು ಪಾಲಿಸದ ಕಥೋಲಿಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಆ ಪತ್ರದಲ್ಲಿ ಒಂದು ಎಚ್ಚರಿಕೆಯಿತ್ತು: ಇಂಥ ಸಾಧನಗಳನ್ನು ಸರ್ಕಾರಗಳು ಪ್ರಜೆಗಳ ಮೇಲೆ ಹೇರತೊಡಗಿದರೆ ತಡೆಯುವವರಾರು? ಎಂಟು ವರ್ಷಗಳಲ್ಲಿ ನಮ್ಮಲ್ಲಿ ತುರ್ತುಪರಿಸ್ಥಿತಿಯ ಶಿಬಿರಗಳು ಬಂದವು. 1976–77ರಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಚಿಕಿತ್ಸೆಗಳು ನಡೆದವು. ಗುರಿ ಮುಟ್ಟಿಸಲು ಹಿಡಿದು ತಂದವರೂ ಅವರಲ್ಲಿದ್ದರು. ಈ ಒಂದು ವಿಷಯದಲ್ಲಿ ಪೋಪರ ಮಾತು ನಿಜವಾಯಿತೆಂದು ನಾನು ಒಪ್ಪುತ್ತೇನೆ.

ಒಪ್ಪಲಾಗದ್ದೂ ಇದೆ. ದಿನ ಎಣಿಸುವ ಸಂಯಮಕ್ಕೆ ಗಂಡನ ಸಮ್ಮತಿ ಬೇಕು. ಅಜ್ಜಂಪುರದ ಆ ಮನೆಯಲ್ಲಿ ಮಾವನಿಗೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು? ಅತ್ತೆಗಂತೂ ಇರಲಿಲ್ಲ.

ಅತ್ತೆ ಸತ್ತ ಮರುದಿನ ನರ್ಸಮ್ಮ ಬಂದು ಕೂಸನ್ನು ಕೇಳಿದರು. ಮಾವ ಮಾತಾಡಲಿಲ್ಲ, ನನ್ನ ತಾಯಿಯೇ ಎತ್ತಿ ಕೊಟ್ಟರು. ಎರಡು ವರ್ಷ ಹಗಲೆಲ್ಲ ಆಕೆಯ ಮನೆಯಲ್ಲೇ ಆ ಹುಡುಗಿ ಬೆಳೆದಳು. ಒಮ್ಮೆ ನನ್ನ ತಾಯಿ, 'ಆ ಮದ್ದು ಕೊಟ್ಟಿದ್ದರೆ ನಮ್ಮ ನಾದಿನಿ ಬದುಕುತ್ತಿದ್ದಳೇನೊ' ಎಂದುಬಿಟ್ಟರಂತೆ. ನರ್ಸಮ್ಮ, 'ಅದನ್ನು ನಾನು ದಿನಾ ರಾತ್ರಿ ಕೇಳಿಕೊಳ್ಳುತ್ತೇನೆ, ಅಮ್ಮಾ' ಎಂದು ಕೂಸಿಗೆ ಹಾಲು ಕಾಯಿಸಲು ಎದ್ದರಂತೆ. ಆ ಹುಡುಗಿಗೆ ಈಗ ಅರವತ್ತು ದಾಟಿದೆ. ಕಡೂರಿನಲ್ಲಿ ಮೊಮ್ಮಕ್ಕಳೊಡನೆ ಇದ್ದಾಳೆ.