ನಾರುವ ಮರದ ಋಣ

ಮಳೆಯೆಂದು ಶಾಲೆಗೆ ರಜೆ ಕೊಟ್ಟ ದಿನವೇ ಮಳೆ ನಿಂತುಬಿಡುವುದು ನಮ್ಮ ಮಲೆನಾಡಿನಲ್ಲಿ ಹೊಸತಲ್ಲ. ಕಳೆದ ವರ್ಷ ಅಂಥದೇ ಒಂದು ದಿನ ಮೊಮ್ಮಗಳು ನನ್ನ ಕೈಹಿಡಿದು ತೋಟಕ್ಕೆ ಎಳೆದುಕೊಂಡು ಹೊರಟಳು. ಕಳಸದಿಂದ ಸ್ವಲ್ಪ ದೂರದಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಅದರ ಕೆಳಬದಿಗೆ ಹಳ್ಳ. ಹಳ್ಳದ ಅಂಚಿನ ಕಾಡುಗಿಡಗಳನ್ನು ಸವರಿ, ಅಲ್ಲಿ ಸಿಲ್ವರ್ ಓಕ್ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಬೇಕೆಂದು ನನ್ನ ಮಗನ ಲೆಕ್ಕ. ಆಳುಗಳು ಅಂದು ಅದೇ ಕೆಲಸದಲ್ಲಿದ್ದರು.

ಹಳ್ಳ ಹತ್ತಿರವಾಗುತ್ತಿದ್ದಂತೆ ಪುಟ್ಟಿ ಮೂಗು ಮುಚ್ಚಿಕೊಂಡಳು.

"ಅಜ್ಜಾ, ಇಲ್ಲಿ ಏನೋ ಸತ್ತಿದೆ!"

"ಏನೂ ಸತ್ತಿಲ್ಲ ಮರಿ. ಅಗೋ, ಆ ಮರ ಹೂ ಬಿಟ್ಟಿದೆ" ಎಂದು ತೋರಿಸಿದೆ.

ಎರಡಾಳೆತ್ತರದ ಸಾಧಾರಣ ಮರ. ಅಗಲ ಎಲೆ, ಕೊಂಬೆಯ ತುದಿಯಲ್ಲಿ ಗೊಂಚಲು ಗೊಂಚಲು ಸಣ್ಣ ಕೆನೆಬಣ್ಣದ ಹೂವು. ನೋಡಲು ಚೆಂದವೇ. ಮೂಸಿದರೆ ಮಾತ್ರ ಹೊಟ್ಟೆ ತೊಳಸುತ್ತದೆ. ಕತ್ತಿ ಹಿಡಿದು ನಿಂತಿದ್ದ ನಮ್ಮ ರೈಟರ್ ನಕ್ಕರು.

"ದುರ್ವಾಸನೆ ಮರ ಅಲ್ವಾ ಮೇಷ್ಟ್ರೇ. ಇವತ್ತು ಇದನ್ನೂ ತೆಗೆದುಬಿಡ್ತೀವಿ. ಇದನ್ನ ಇಟ್ಕೊಂಡು ಏನ್ ಮಾಡ್ತೀರಿ?"

"ಇದೊಂದು ಇರಲಿ ಮಾರಾಯ್ರೇ. ಸಂಜೆ ಮಗನ ಹತ್ತಿರ ಮಾತಾಡ್ತೀನಿ" ಎಂದೆ. ಪುಟ್ಟಿಗೆ ಆಶ್ಚರ್ಯ. ಈ ನಾರುವ ಮರದ ಮೇಲೆ ಅಜ್ಜನಿಗೇಕೆ ಅಷ್ಟು ಪ್ರೀತಿ? ಮನೆಗೆ ಬಂದು ಜಗಲಿಯಲ್ಲಿ ಕೂತು ಅವಳಿಗೆ ಹೇಳಿದ ಕಥೆಯನ್ನೇ ಈಗ ನಿಮಗೂ ಹೇಳುತ್ತೇನೆ.

ನನಗೊಬ್ಬಳು ಅಕ್ಕ ಇದ್ದಳು. ಚಿಕ್ಕವಳಿದ್ದಾಗ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುವಾಗ ಈ ಮರದ ಹತ್ತಿರ ಬಂದೊಡನೆ ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ಅಜ್ಜಿಯಾದ ಮೇಲೆ ಅವಳಿಗೆ ಕರುಳಿನ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು. ಆದರೂ ರೋಗ ಬೇರೆ ಕಡೆ ಹರಡಿತು. ಮಂಗಳೂರಿಗೆ ಕರೆದುಕೊಂಡು ಹೋಗಿ ಬರುವುದು ನನ್ನ ಪಾಲಿಗೆ ಬಂತು. ಒಂದು ದಿನ ಅವಳ ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದ ಔಷಧದ ಬಾಟಲಿ ನೋಡುತ್ತ ಡಾಕ್ಟರನ್ನು ಕೇಳಿದೆ: "ಇದು ಯಾವ ಔಷಧ ಸಾರ್?"

"ಇರಿನೊಟೆಕಾನ್ ಅಂತ. ಮೂಲದಲ್ಲಿ ಇದು ಒಂದು ಮರದ್ದು. ನಿಮ್ಮ ಘಟ್ಟದ ಕಾಡಲ್ಲೂ ಅಂಥ ಮರ ಇದೆಯಂತೆ" ಎಂದರು.

ಊರಿಗೆ ಬಂದವನೇ ಸಸ್ಯಶಾಸ್ತ್ರದ ಪಾಠ ಹೇಳುವ ಗೆಳೆಯನನ್ನು ಹಿಡಿದೆ. ಅವನು ಪುಸ್ತಕ ತೆರೆದು ತೋರಿಸಿದ ಚಿತ್ರ ನಮ್ಮ ಹಳ್ಳದ ಬದಿಯ ದುರ್ವಾಸನೆ ಮರದ್ದೇ! ವಿಜ್ಞಾನಿಗಳು ಅದನ್ನು ನೊಥಾಪೊಡೈಟಿಸ್ ನಿಮ್ಮೋನಿಯಾನಾ ಎನ್ನುತ್ತಾರೆ. ಹಳೆಯ ಹೆಸರು ಮ್ಯಾಪಿಯಾ ಫೀಟಿಡಾ. ಲ್ಯಾಟಿನ್ ಭಾಷೆಯಲ್ಲಿ ಫೀಟಿಡಾ ಎಂದರೂ ನಾರುವುದು ಎಂದೇ ಅರ್ಥ. ಮಲೆನಾಡಿನ ಮೂಗೂ ವಿಲಾಯಿತಿ ಮೂಗೂ ಈ ಒಂದು ವಿಷಯದಲ್ಲಿ ಒಪ್ಪಿವೆ ನೋಡಿ.

ಮಕ್ಕಳೇ, ಮರದೊಳಗೆ ಔಷಧ ಏಕಿರುತ್ತದೆ? ಮನುಷ್ಯರಿಗೆ ಉಪಕಾರ ಮಾಡೋಣವೆಂದು ಯಾವ ಮರವೂ ಔಷಧ ತಯಾರಿಸುವುದಿಲ್ಲ. ಹುಳ ಬಂದರೆ ಮರ ಓಡಲಾರದು, ದನ ಬಂದರೆ ಹಾಯಲಾರದು. ಅದಕ್ಕೆ ನಿಂತಲ್ಲೇ ರಸಾಯನ ಕಾಯಿಸಿಕೊಳ್ಳುತ್ತದೆ. ನಮ್ಮ ಕಾಫಿ ಗಿಡವೂ ಹಾಗೆಯೇ. ಅಜ್ಜಂದಿರ ನಿದ್ದೆ ಬಿಡಿಸುವ ಕೆಫೀನ್ ಗಿಡದ ಪಾಲಿಗೆ ಹುಳುಗಳನ್ನು ದೂರವಿಡುವ ಅಸ್ತ್ರ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಅದು ಸುಮಾರು ಎರಡು ಪಾಲು. ದುರ್ವಾಸನೆ ಮರದ ಅಸ್ತ್ರ ಅದಕ್ಕಿಂತ ಬಹಳ ಖಾರ. ಅದರ ಹೆಸರು ಕ್ಯಾಂಪ್ಟೊಥೆಸಿನ್.

ಅದನ್ನು ಮೊದಲು ಕಂಡುಹಿಡಿದದ್ದು ನಮ್ಮ ಮರದಲ್ಲಲ್ಲ. ಚೀನಾದಲ್ಲಿ ಕ್ಸಿ ಶು, ಅಂದರೆ ಸಂತೋಷದ ಮರ, ಎಂಬುದೊಂದಿದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಎಂಬ ರಸಾಯನ ವಿಜ್ಞಾನಿಗಳು ಆ ಮರದಿಂದ ಈ ವಸ್ತುವನ್ನು ಬೇರ್ಪಡಿಸಿ 1966ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ವಾನಿಯವರು ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದವರು. ಟ್ಯಾಕ್ಸಾಲ್ ಎಂಬ ಇನ್ನೊಂದು ಹೆಸರಾಂತ ಕ್ಯಾನ್ಸರ್ ಔಷಧವನ್ನು ಬೆಳಕಿಗೆ ತಂದವರೂ ಈ ಇಬ್ಬರೇ. 1972ರಲ್ಲಿ ಮುಂಬಯಿಯ ಪ್ರಯೋಗಾಲಯದಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲೂ ಇದೆಯೆಂದು ತೋರಿಸಿಕೊಟ್ಟರು.

ಇದು ಕ್ಯಾನ್ಸರನ್ನು ಹೇಗೆ ತಡೆಯುತ್ತದೆ? ಅದನ್ನು ತಿಳಿಯಲು ಪುಟ್ಟಿ ಮಾಡಿದ್ದನ್ನು ನೀವೂ ಮಾಡಿ. ಎರಡು ಎಳೆ ಹೊಸೆದ ಒಂದು ತುಂಡು ಹಗ್ಗ ತೆಗೆದುಕೊಳ್ಳಿ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ. ಇನ್ನೊಂದು ತುದಿಯ ಎರಡು ಎಳೆಗಳನ್ನು ಬೇರೆ ಬೇರೆ ಹಿಡಿದು ಜಗ್ಗಿ. ಸ್ವಲ್ಪ ದೂರ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮುಂದಿನ ಭಾಗ ಹುರಿಗಟ್ಟಿ ಗಂಟಾಗಿ ಕೂರುತ್ತದೆ. ಎಷ್ಟು ಜಗ್ಗಿದರೂ ಬರುವುದಿಲ್ಲ.

ನಮ್ಮ ಮೈಯ ಜೀವಕೋಶಗಳಲ್ಲೂ ಇಂಥದೇ ಎರಡೆಳೆಯ ಹಗ್ಗವಿದೆ. ಅದೇ ಡಿಎನ್‌ಎ. ಒಂದು ಕೋಶ ಎರಡಾಗಬೇಕಾದರೆ ಈ ಹಗ್ಗ ಬಿಚ್ಚಿಕೊಂಡು ಅದರ ನಕಲು ತಯಾರಾಗಬೇಕು. ಆಗ ಬೀಳುವ ಹುರಿಯನ್ನು ಸಡಿಲಿಸಲು ಟೊಪೊಐಸೊಮರೇಸ್ ಎಂಬ ಕಿಣ್ವವಿದೆ. ಅದು ಒಂದು ಎಳೆಯನ್ನು ಕತ್ತರಿಸಿ, ಹುರಿ ಬಿಡಿಸಿ, ಕತ್ತರಿಸಿದ್ದನ್ನು ಮತ್ತೆ ಅಂಟಿಸುತ್ತದೆ. ಕ್ಯಾಂಪ್ಟೊಥೆಸಿನ್ ನಡುವೆ ಬಂದು ಕೂತರೆ ಕಿಣ್ವ ಕತ್ತರಿಸುತ್ತದೆ, ಅಂಟಿಸಲಾರದು. ಹಗ್ಗ ತುಂಡಾಗಿಯೇ ಉಳಿದು ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ಒಡೆದು ಎರಡಾಗುತ್ತಿರುವುದರಿಂದ ಅವಕ್ಕೆ ಹೊಡೆತ ಹೆಚ್ಚು. ಆದರೆ ಕೂದಲ ಬುಡ, ಕರುಳಿನ ಒಳಪದರ, ರಕ್ತ ತಯಾರಾಗುವ ಜಾಗಗಳಲ್ಲೂ ಕೋಶಗಳು ಬೇಗ ಬೇಗ ಬೆಳೆಯುತ್ತವೆ. ಅವಕ್ಕೂ ಪೆಟ್ಟು ಬೀಳುತ್ತದೆ. ನಮ್ಮಕ್ಕನ ಜಡೆ ಉದುರಿದ್ದು, ಹೊಟ್ಟೆ ಕೆಟ್ಟು ನೊಂದದ್ದು ಇದರಿಂದಲೇ.

ಪುಟ್ಟಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು: "ಹಾಗಾದ್ರೆ ಮರ ಯಾಕೆ ಸಾಯಲ್ಲ ಅಜ್ಜಾ? ಅದರ ಹತ್ರಾನೂ ಹಗ್ಗ ಇರುತ್ತಲ್ಲ?" ಇದೇ ಪ್ರಶ್ನೆ ಜಪಾನಿನ ವಿಜ್ಞಾನಿಗಳಿಗೂ ಬಂದಿತ್ತು. ಕ್ಯಾಂಪ್ಟೊಥೆಸಿನ್ ತಯಾರಿಸುವ ಗಿಡಗಳಲ್ಲಿ ಆ ಕಿಣ್ವವೇ ಒಂದಿಷ್ಟು ಬದಲಾಗಿರುತ್ತದೆ, ಆದ್ದರಿಂದ ವಿಷ ಅದಕ್ಕೆ ಅಂಟಿಕೊಳ್ಳಲಾರದು ಎಂದು ಅವರು 2008ರಲ್ಲಿ ತೋರಿಸಿದರು. ಬೀಗ ಮುರಿಯುವ ಕೀಲಿ ತಯಾರಿಸುವ ಮೊದಲೇ ಮರ ತನ್ನ ಮನೆಯ ಬೀಗ ಬದಲಿಸಿಕೊಂಡಿದೆ!

ಮರದಿಂದ ತೆಗೆದದ್ದನ್ನು ಹಾಗೆಯೇ ರೋಗಿಗೆ ಕೊಡಲು ಆಗಲಿಲ್ಲ ಎಂಬುದೂ ತಿಳಿದಿರಲಿ. ಅದು ನೀರಿನಲ್ಲಿ ಕರಗದು. ಕರಗುವಂತೆ ಮಾಡಿ 1970ರ ಸುಮಾರಿಗೆ ಪರೀಕ್ಷಿಸಿದಾಗ ರೋಗಿಗಳ ಮೂತ್ರಕೋಶಕ್ಕೆ ತೀವ್ರ ಹಾನಿಯಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅದು ಕೆಲಸ ಮಾಡುವ ಬಗೆ 1985ರಲ್ಲಿ ಗೊತ್ತಾದ ಮೇಲೆ ಮತ್ತೆ ಆಸಕ್ತಿ ಹುಟ್ಟಿತು. ಅಣುವನ್ನು ಅಲ್ಲಲ್ಲಿ ತಿದ್ದಿ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಎರಡು ಔಷಧಗಳನ್ನು ತಯಾರಿಸಿದರು. 1996ರಲ್ಲಿ ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಮರದಿಂದ ಮದ್ದಿನವರೆಗೆ 30 ವರ್ಷ!

ಕಥೆ ಅಲ್ಲಿಗೇ ಮುಗಿದಿಲ್ಲ. ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಈ ಕುಟುಂಬದ ಅಣುಗಳನ್ನು ಪ್ರತಿಕಾಯಗಳಿಗೆ ಕಟ್ಟಿ ಕಳಿಸುತ್ತಿದ್ದಾರೆ. ಪ್ರತಿಕಾಯವೆಂದರೆ ವಿಳಾಸ ಬಲ್ಲ ಅಂಚೆಯಣ್ಣನಿದ್ದಂತೆ. ಕ್ಯಾನ್ಸರ್ ಕೋಶದ ಬಾಗಿಲು ಹುಡುಕಿ, ವಿಷದ ಪೊಟ್ಟಣವನ್ನು ಹೆಚ್ಚಾಗಿ ಅಲ್ಲೇ ಇಳಿಸುತ್ತದೆ. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಇಂಥ ಎರಡು ಔಷಧಗಳು ಅಮೆರಿಕದಲ್ಲಿ 2019 ಮತ್ತು 2020ರಲ್ಲಿ ಬಳಕೆಗೆ ಬಂದವು. ಅಡ್ಡಪರಿಣಾಮ ಇವುಗಳಲ್ಲೂ ಇದೆ. ಆದರೆ ಊರಿಗೆಲ್ಲ ಹಂಚುವುದಕ್ಕೂ ಒಂದು ಮನೆಗೆ ತಲುಪಿಸುವುದಕ್ಕೂ ವ್ಯತ್ಯಾಸವಿದೆಯಲ್ಲವೆ?

ಈಗ ಬೇಸರದ ಮಾತು. ಈ ವಸ್ತು ಮರದ ಬೇರು ಮತ್ತು ತೊಗಟೆಯಲ್ಲಿ ಹೆಚ್ಚು. ಹೆಚ್ಚೆಂದರೂ ಎಷ್ಟು? ಒಂದು ಕಿಲೋ ಒಣ ತೊಗಟೆಯಲ್ಲಿ ಸಾಮಾನ್ಯವಾಗಿ ಕೆಲವೇ ಗ್ರಾಂ. ಹಲಸಿನ ಮರದಿಂದ ಹಣ್ಣು ಕೊಯ್ದ ಹಾಗೆ ಇದನ್ನು ಕೊಯ್ಯಲಾಗದು. ಬೇರು ಕಿತ್ತರೆ, ಸುತ್ತ ತೊಗಟೆ ಸುಲಿದರೆ ಮರವೇ ಹೋಯಿತು. ಔಷಧಕ್ಕೆ ಬೇಡಿಕೆ ಏರಿದಂತೆ ಪಶ್ಚಿಮ ಘಟ್ಟದ ಅನೇಕ ಕಡೆ ಈ ಮರಗಳನ್ನು ಬುಡಸಮೇತ ತೆಗೆದರು. ಕೆಲವು ವರ್ಷಗಳ ಹಿಂದೆ ನಮ್ಮ ಮನೆ ಬಾಗಿಲಿಗೂ ಒಬ್ಬ ಬಂದು, "ಆ ನಾರೋ ಮರದ ತೊಗಟೆ ಇದ್ರೆ ಕೊಡಿ, ಕಿಲೋ ಲೆಕ್ಕದಲ್ಲಿ ದುಡ್ಡು" ಎಂದಿದ್ದ. ಅಕ್ಕ ಆಗ ಮಂಗಳೂರಿನಿಂದ ಬಂದು ನಮ್ಮಲ್ಲೇ ಮಲಗಿದ್ದಳು. ಒಳಗಿಂದಲೇ ಕೂಗಿದಳು: "ಕೊಡಬೇಡವೋ. ನನ್ನ ಹಾಗೆ ಇನ್ನೆಷ್ಟು ಜನಕ್ಕೆ ಬೇಕಾಗುತ್ತೋ!" ಒಂದು ಕ್ಷಣ ನನಗೇ ಗೊಂದಲವಾಯಿತು. ಜನಕ್ಕೆ ಬೇಕೆಂದರೆ ಕೊಡಬೇಕಲ್ಲ? ಆಮೇಲೆ ಅರ್ಥವಾಯಿತು. ಇಂದಿನ ರೋಗಿಗೆಂದು ಮರವನ್ನೇ ಮುಗಿಸಿದರೆ ನಾಳೆಯ ರೋಗಿಗೆ ಏನು ಉಳಿದೀತು?

ನಮ್ಮ ನಾಡಿನ ವಿಜ್ಞಾನಿಗಳೂ ಇದೇ ಚಿಂತೆಯಲ್ಲಿ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಅವರ ಸಂಗಡಿಗರು ಪಶ್ಚಿಮ ಘಟ್ಟದ ಬೇರೆ ಬೇರೆ ಕಾಡುಗಳ ದುರ್ವಾಸನೆ ಮರಗಳನ್ನು ಪರೀಕ್ಷಿಸಿದರು. ಮರದಿಂದ ಮರಕ್ಕೆ ಔಷಧದ ಪ್ರಮಾಣದಲ್ಲಿ ಬಹಳ ಅಂತರವಿರುವುದು ಕಂಡಿತು. ಒಂದೇ ಹಟ್ಟಿಯ ಎರಡು ಹಸು ಒಂದೇ ಅಳತೆ ಹಾಲು ಕೊಡುವುದಿಲ್ಲವಲ್ಲ, ಹಾಗೆ. ಒಳ್ಳೆಯ ಮರ ಗುರುತಿಸಿ ಸಸಿ ಮಾಡಿ ಬೆಳೆಸಿದರೆ ಕಾಡನ್ನು ಕಡಿಯುವುದು ತಪ್ಪೀತು. ಆದರೆ ಯಾವ ಮರದಲ್ಲಿ ಎಷ್ಟಿದೆಯೆಂದು ನೋಡುವ ಮೊದಲೇ ಕಡಿದರೆ? ಯಾವುದನ್ನು ಕಳೆದುಕೊಂಡೆವೆಂಬುದೇ ತಿಳಿಯುವುದಿಲ್ಲ.

ಜಮ್ಮುವಿನ ವಿಜ್ಞಾನಿಗಳ ತಂಡ 2005ರಲ್ಲಿ ಇನ್ನೊಂದು ಸೋಜಿಗ ಪ್ರಕಟಿಸಿತು. ಈ ಮರದೊಳಗೆ ವಾಸಿಸುವ ಒಂದು ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ! ಹಾಗಾದರೆ ದೋಸೆ ಹಿಟ್ಟು ಹುದುಗಿಸಿದ ಹಾಗೆ ಪಾತ್ರೆಯಲ್ಲೇ ಔಷಧ ಬೆಳೆಯಬಹುದೆಂದು ಆಸೆ ಹುಟ್ಟಿತು. ಆದರೆ ಇಂಥ ಶಿಲೀಂಧ್ರಗಳನ್ನು ಮರದಿಂದ ಹೊರತಂದು ಪ್ರಯೋಗಾಲಯದಲ್ಲಿ ಮರಳಿ ಮರಳಿ ಬೆಳೆಸಿದಾಗ ಅವು ಔಷಧ ಮಾಡುವುದನ್ನು ಕಡಿಮೆ ಮಾಡುತ್ತ ಬಂದವು. ತವರು ಬಿಟ್ಟ ಮೇಲೆ ಹಾಡು ಮರೆತಂತೆ. ಹುಡುಕಾಟ ನಡೆದೇ ಇದೆ. 2021ರಲ್ಲಿ ಜಪಾನಿನ ತಂಡವೊಂದು ಇದೇ ವಸ್ತು ತಯಾರಿಸುವ ಒಂದು ಪುಟ್ಟ ಗಿಡದ ಇಡೀ ಡಿಎನ್‌ಎ ಓದಿ ಪ್ರಕಟಿಸಿತು. ಅಡುಗೆಯ ವಿಧಾನ ಪೂರ್ತಿ ತಿಳಿದರೆ ಮುಂದೊಂದು ದಿನ ಮರಕ್ಕೆ ಕೊಡಲಿ ತಾಗಿಸದೆ ಔಷಧ ಮಾಡಬಹುದು.

ಅಂದು ಸಂಜೆ ಮಗನ ಹತ್ತಿರ ಮಾತಾಡಿದೆ. ಅವನು ಸುಮ್ಮನೆ ಒಪ್ಪಲಿಲ್ಲ. "ಅಪ್ಪಾ, ಕಾಫಿ ರೇಟು ಯಾವಾಗ ಬೀಳುತ್ತೋ ಗೊತ್ತಿಲ್ಲ. ಮೆಣಸಾದರೂ ಕೈಹಿಡಿಯಲಿ ಅಂತ ನಾನು" ಎಂದ. ಅವನ ಮಾತಲ್ಲೂ ತಪ್ಪಿರಲಿಲ್ಲ. ನಾನು 2019ರ ಆಗಸ್ಟ್ ಮಳೆಯ ನೆನಪು ಮಾಡಿದೆ. ಆಗ ಮೂಡಿಗೆರೆ ಕಡೆ ಗುಡ್ಡ ಜಾರಿ ತೋಟಗಳೇ ಕೊಚ್ಚಿಹೋಗಿದ್ದವು. ಹಳ್ಳದ ದಂಡೆ ಬೋಳಿಸಿದರೆ ಮಣ್ಣು ಹಿಡಿಯುವವರು ಯಾರು? ಅವನು ತುಸು ಹೊತ್ತು ಸುಮ್ಮನಿದ್ದ. ಕಡೆಗೆ ಪುಟ್ಟಿಯೇ ಹೇಳಿದಳು: "ಅಪ್ಪಾ, ಅದು ದೊಡ್ಡಜ್ಜಿ ಮರ ಅಂತೆ." ಮೆಣಸು ಮೇಲಿನ ದಿಣ್ಣೆಗೆ ಹೋಯಿತು. ಹಳ್ಳದ ದಂಡೆ ಇದ್ದ ಹಾಗೆ ಉಳಿಯಿತು.

ಅಕ್ಕನಿಗೆ ಇಳಿಸಿದ ಔಷಧ ಚೀನಾದ ಮರದ್ದೋ ಘಟ್ಟದ ಮರದ್ದೋ ನಾನು ಹೇಳಲಾರೆ. ಅದು ಅವಳ ರೋಗವನ್ನು ಪೂರ್ತಿ ವಾಸಿಮಾಡಲಿಲ್ಲ. ಆದರೆ ಇನ್ನೆರಡು ಕಾಫಿ ಕುಯ್ಲು ನೋಡುವಷ್ಟು ಕಾಲ ಅವಳು ನಮ್ಮ ಜೊತೆಗಿದ್ದಳು. ಎರಡನೆಯ ವರ್ಷ ಕಣದ ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಅಂಬೆಗಾಲಿಡುತ್ತಿದ್ದ ಈ ಪುಟ್ಟಿಗೆ ಕಾಫಿ ಹಣ್ಣು ತೋರಿಸಿ ಆಡಿಸಿದ್ದಳು. ಅಷ್ಟು ದಿನ ಕೊಟ್ಟ ಮರಗಳ ಜಾತಿಗೆ ಒಂದಿಷ್ಟು ನೆಲ ಬಿಡುವುದು ದೊಡ್ಡ ಮಾತೇನಲ್ಲ.

ಮಕ್ಕಳೇ, ಒಂದು ಎಚ್ಚರಿಕೆ. ಇದರ ಎಲೆ, ತೊಗಟೆ, ಬೇರನ್ನು ಬಾಯಿಗೆ ಇಡಬೇಡಿ, ಕಷಾಯ ಮಾಡಬೇಡಿ. ಅಜ್ಜ-ಅಜ್ಜಿಯರೂ ಮನೆಮದ್ದೆಂದು ಯಾರಿಗೂ ಹೇಳಬೇಡಿ. ಇದು ವಿಷ. ಪ್ರಯೋಗಾಲಯದಲ್ಲಿ ತಿದ್ದಿ, ಅಳೆದು, ಡಾಕ್ಟರು ಕೊಟ್ಟಾಗ ಮಾತ್ರ ಔಷಧ.

ಇನ್ನೊಂದು ಕೆಲಸ ಮಾಡಬಹುದು. ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ಸಮಿತಿ ಇರಬೇಕೆಂದು 2002ರ ಕಾಯಿದೆ ಹೇಳುತ್ತದೆ. ಊರಿನ ಗಿಡ-ಮರ-ಪ್ರಾಣಿಗಳನ್ನೂ ಅವುಗಳ ಬಗ್ಗೆ ಹಿರಿಯರಿಗೆ ಗೊತ್ತಿರುವುದನ್ನೂ ಬರೆದಿಡುವ ದಾಖಲೆ ಪುಸ್ತಕವನ್ನು ಅದು ಮಾಡಬೇಕು. ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಒಂದು ಸುತ್ತು ಹಾಕಿ. ಹೆಸರು ಕೇಳಿ, ಬರೆದುಕೊಳ್ಳಿ. ಯಾರೂ ಬೆಲೆ ಕೊಡದ ಗಿಡದಿಂದಲೇ ಶುರುಮಾಡಿ.

ಪುಟ್ಟಿಯ ಪಟ್ಟಿಯಲ್ಲಿ ಈಗ 31 ಹೆಸರುಗಳಿವೆ. ಮೊದಲನೆಯದು ಯಾವುದೆಂದು ನಾನು ಹೇಳಬೇಕಾಗಿಲ್ಲ. ಕಳೆದ ವಾರ ಮರದ ಬುಡದಲ್ಲಿ ನಾಲ್ಕು ಪುಟ್ಟ ಸಸಿಗಳನ್ನು ಕಂಡು ಓಡಿಬಂದಳು. ನೋಡಲು ಹೋದೆವು, ಇಬ್ಬರೂ ಮೂಗು ಮುಚ್ಚಿಕೊಂಡೇ.