ವಿಶ್ವವಿದ್ಯಾಲಯಕ್ಕಿಂತ 47 ವರ್ಷ ಹಳೆಯ ಕ್ಯಾಂಪಸ್: ಯುಬಿಡಿಟಿ ಯಾರದ್ದು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಅಂದ್ರೆ ಎಲ್ಲರಿಗೂ ಬೆಳಗಾವಿ ನೆನಪಾಗುತ್ತೆ. ಆದರೆ ವಿಟಿಯು ಕೈಯಲ್ಲಿರುವ ಕ್ಯಾಂಪಸ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಇರೋದು ದಾವಣಗೆರೆಯ ಹದಡಿ ರಸ್ತೆಯಲ್ಲಿ. ಅದೇ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು. ವಿಟಿಯು ಹುಟ್ಟಿದ್ದು 1998ರಲ್ಲಿ, ಕಾಲೇಜು ಶುರುವಾಗಿದ್ದು 1951ರಲ್ಲಿ. ಇದು ಹೇಗೆ?

ತಾಲ್ಲೂಕು ಊರಿಗೆ ಎಂಜಿನಿಯರಿಂಗ್ ಕಾಲೇಜು

1951ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವೂ ಆಗಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು, ಅಷ್ಟೇ. ಜಿಲ್ಲೆಯಾಗಿದ್ದು 1997ರಲ್ಲಿ. ಆದರೆ ಊರಲ್ಲಿ ಹತ್ತಿ ಗಿರಣಿಗಳಿದ್ದವು. ಪಕ್ಕದ ಹರಿಹರದಲ್ಲಿ 1941ರಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಯಂತ್ರ ಬಲ್ಲವರಿಗೆ ಇಲ್ಲಿ ಕೆಲಸವಿತ್ತು. ಅಂಥ ಊರಲ್ಲಿ ಮೈಸೂರು ಸರ್ಕಾರ ಕಾಲೇಜು ತೆರೆಯಿತು. ಅದಕ್ಕೆ ದಾನಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಹೆಸರು ಬಂತು. ‘ಬಿಡಿಟಿ’ ಅಂದ್ರೆ ಅದೇ. ವಿಶ್ವವಿದ್ಯಾಲಯದ ಕಾಲೇಜು ಆದ ಮೇಲೆ ಮುಂದೆ ಸೇರಿಕೊಂಡ ‘ಯು’, ಯೂನಿವರ್ಸಿಟಿ.

ಕಾಲೇಜು ಅಲ್ಲೇ, ಬೋರ್ಡ್ ಮಾತ್ರ ಬದಲು

ಆದರೆ ಯಾವ ಯೂನಿವರ್ಸಿಟಿ? ಮೊದಲು ಮೈಸೂರು ವಿಶ್ವವಿದ್ಯಾಲಯ. ಆಮೇಲೆ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ. 2009ರಲ್ಲಿ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದಾಗ ಅದರ ಪಾಲಿಗೆ. ಈಗ ವಿಟಿಯು. ಕಾಲೇಜು ಒಂದಡಿಯೂ ಕದಲದೆ ಅದರ ಆಡಳಿತ ಮಾತ್ರ ಮೈಸೂರು, ಶಂಕರಘಟ್ಟ, ತೋಳಹುಣಸೆ ಸುತ್ತಿ ಬೆಳಗಾವಿ ಸೇರಿದೆ.

ಇದೇನು ಬರೀ ಹೆಸರಿನ ವಿಷಯ ಅನ್ನಬೇಡಿ. ನೂರಾರು ಖಾಸಗಿ ಕಾಲೇಜುಗಳು ವಿಟಿಯುಗೆ ‘ಸಂಯೋಜಿತ’: ಪಠ್ಯ, ಪರೀಕ್ಷೆ ವಿಟಿಯುದು; ಕಟ್ಟಡ, ಸಂಬಳ ಆಡಳಿತ ಮಂಡಳಿಯದು. ಯುಬಿಡಿಟಿ ಹಾಗಲ್ಲ, ಅದು ‘ಘಟಕ’ ಕಾಲೇಜು. ಇಲ್ಲಿ ವಿಶ್ವವಿದ್ಯಾಲಯವೇ ಮನೆ ಯಜಮಾನ. ಸೂರು ಸೋರಿದರೂ, ಲ್ಯಾಬ್‌ಗೆ ಹೊಸ ಯಂತ್ರ ಬೇಕಾದರೂ, ಮೇಷ್ಟ್ರ ಹುದ್ದೆ ಖಾಲಿ ಬಿದ್ದರೂ ಅದನ್ನೇ ಕೇಳಬೇಕು. ಯಜಮಾನ ಬದಲಾದಾಗಲೆಲ್ಲ ಕಡತ ಹೊಸ ಮೇಜಿಗೆ ಹೋಗುತ್ತೆ. ಈಗ ಆ ಮೇಜು ಇರೋದು ದಾವಣಗೆರೆಯಲ್ಲಲ್ಲ.

ಹಣ ಯಾರು ಕೊಡಬೇಕು?

ಯಜಮಾನನೇ ‘ದುಡ್ಡಿಲ್ಲ, ನೀವೇ ದುಡಿದುಕೊಳ್ಳಿ’ ಅಂದರೆ? ಭಾರ ಬೀಳೋದು ವಿದ್ಯಾರ್ಥಿಗಳ ಮೇಲೆ. ಅರ್ಧದಷ್ಟು ಸೀಟುಗಳನ್ನು ಪೇಮೆಂಟ್ ಸೀಟು ಮಾಡಿದ್ದನ್ನು ವಿರೋಧಿಸಿ 2024ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಪ್ರಶ್ನೆ ನೇರವಾಗಿತ್ತು: ಸರ್ಕಾರ ತೆರೆದ ಕಾಲೇಜಲ್ಲಿ ಖಾಸಗಿ ಕಾಲೇಜಿನ ಥರ ಶುಲ್ಕ ಯಾಕೆ?

ಹರಿಹರದ ಕಿರ್ಲೋಸ್ಕರ್ ಬಾಗಿಲು ಹಾಕಿತು. ದಾವಣಗೆರೆಯ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಉಳಿದಿರೋದು ಕಾಲೇಜು. ರೈತರ, ಕಾರ್ಮಿಕರ ಮಕ್ಕಳು ಕಡಿಮೆ ಖರ್ಚಲ್ಲಿ ಎಂಜಿನಿಯರ್ ಆಗಲಿ ಅನ್ನೋದೇ ಸರ್ಕಾರಿ ಕಾಲೇಜಿನ ಅರ್ಥ. ಹಳೆ ಕ್ಯಾಂಪಸ್ಸನ್ನು ಕಾಪಾಡೋದು ಅಂದ್ರೆ ಗೋಡೆಗೆ ಸುಣ್ಣ ಹೊಡೆಸೋದಷ್ಟೇ ಅಲ್ಲ, ಆ ಮಕ್ಕಳಿಗೆ ಬಾಗಿಲು ತೆರೆದಿಡೋದು ಕೂಡ. ಬೋರ್ಡ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರೇ ಇರಲಿ, ಆ ಹೊಣೆ ಸರ್ಕಾರದ್ದೇ.