ರೋವರ್‌ನ ದನಿಗೆ ಕಿವಿಗೊಡುವ ಬ್ಯಾಲಾಳು

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು, ಸುತ್ತಲಿನ ಗುಡ್ಡಗಳ ನಡುವೆ ಬಟ್ಟಲಿನಂತೆ ತಗ್ಗಿರುವ ನೆಲದಲ್ಲಿದೆ. ನಗರದ ರೇಡಿಯೊ ಗದ್ದಲ ಒಳನುಗ್ಗದಂತೆ ಈ ಗುಡ್ಡಗಳು ತಡೆಯುವುದರಿಂದಲೇ, ದೂರದ ನೌಕೆಗಳ ಕ್ಷೀಣ ಸಂಕೇತಗಳನ್ನು ಹಿಡಿಯುವ ಆಳ ಅಂತರಿಕ್ಷ ಜಾಲವನ್ನು ಇಸ್ರೊ ಇಲ್ಲಿ ಕಟ್ಟಿತು. ಚಂದ್ರಯಾನ-1ರ ಹೊತ್ತಿಗೆ, 2008ರಲ್ಲಿ ಸಿದ್ಧವಾದ ಈ ಕೇಂದ್ರದಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಆಂಟೆನಾಗಳಿದ್ದು, ದೊಡ್ಡದು ವೃತ್ತಾಕಾರದ ಹಳಿಯ ಮೇಲೆ ಗಾಲಿಗಳಿಂದ ಸುತ್ತುತ್ತ, ಆಕಾಶದಲ್ಲಿ ಸರಿಯುವ ನೌಕೆಯತ್ತಲೇ ಮುಖಮಾಡಿರುತ್ತದೆ.

2023ರ ಆಗಸ್ಟ್ 23ರಂದು ಇಸ್ರೊದ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ಮೇಲೆ ಈ ಊರಿನ ಮಹತ್ವ ಇನ್ನಷ್ಟು ಸ್ಪಷ್ಟವಾಯಿತು. ಅದರೊಳಗಿನಿಂದ ಹೊರಬಂದ 26 ಕಿ.ಗ್ರಾಂ. ತೂಕದ ಪ್ರಜ್ಞಾನ್, ಅಂದರೆ ನೆಲದ ಮೇಲೆ ಚಲಿಸಿ ಪರೀಕ್ಷೆ ನಡೆಸುವ ಆರು ಗಾಲಿಗಳ ರೋವರ್, ಭೂಮಿಯೊಡನೆ ನೇರವಾಗಿ ಮಾತನಾಡುತ್ತಿರಲಿಲ್ಲ. ಅದು ತನ್ನ ಮಾತನ್ನು ಲ್ಯಾಂಡರ್‌ಗೆ ಒಪ್ಪಿಸಿದರೆ, ಲ್ಯಾಂಡರ್ ಅದನ್ನು ಬ್ಯಾಲಾಳಿಗೆ ರವಾನಿಸುತ್ತಿತ್ತು. ಸೆಕೆಂಡಿಗೆ ಒಂದು ಸೆಂಟಿಮೀಟರ್‌ನಷ್ಟೇ ವೇಗದ ಆ ರೋವರ್ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ವ್ಯಾಸದ ಕುಳಿಯೊಂದನ್ನು ಎದುರುಗೊಂಡಾಗ, ಬಂದ ದಾರಿಯಲ್ಲೇ ಹಿಂದಿರುಗಿ ಬೇರೆ ದಾರಿ ಹಿಡಿಯುವಂತೆ ಭೂಮಿಯಿಂದ ಆದೇಶ ಹೋಯಿತು. ಸುಮಾರು ನಾಲ್ಕು ಲಕ್ಷ ಕಿ.ಮೀ. ಆಚೆಯ ಮಣ್ಣಿನ ಮೇಲೆ ಗಾಲಿಗಳು ಹಾದುಹೋದ ಗುರುತು ಚಿತ್ರವಾಗಿ ಕಣ್ಣಮುಂದೆ ಮೂಡಿದ್ದು ನಿಜಕ್ಕೂ ಮನಮುಟ್ಟುವ ಸಂಗತಿಯಾಗಿದೆ.

ಚಂದ್ರನಿಂದ ಸಂಕೇತ ಬರಲು ಸುಮಾರು 1.3 ಸೆಕೆಂಡು ಸಾಕಾಗುವುದರಿಂದ ಇಂತಹ ಮಾರ್ಗದರ್ಶನ ಸಾಧ್ಯವಾಗುತ್ತದೆ. ಮಂಗಳನಿಂದಾದರೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಬೇಕಾಗುವ ಕಾಲವುಂಟು. ಆದ್ದರಿಂದಲೇ 2021ರಲ್ಲಿ ಅಲ್ಲಿ ಇಳಿದ ನಾಸಾದ ಪರ್ಸಿವಿಯರೆನ್ಸ್ ರೋವರ್, ಅಡ್ಡಿಗಳನ್ನು ತಾನೇ ಗುರುತಿಸಿ ದಾರಿ ಆರಿಸಿಕೊಳ್ಳುವಂತೆ ರೂಪುಗೊಂಡಿದೆ.

ನೂರು ಮೀಟರ್‌ಗೂ ಹೆಚ್ಚು ದೂರ ಕ್ರಮಿಸಿದ ಪ್ರಜ್ಞಾನ್, ಲೇಸರ್ ಕಿರಣದಿಂದ ಮಣ್ಣನ್ನು ಕಾಯಿಸಿ, ಹೊರಟ ಬೆಳಕಿನಿಂದ ಧಾತುಗಳನ್ನು ಗುರುತಿಸುವ ಉಪಕರಣದ ಮೂಲಕ ಗಂಧಕದ ಇರುವಿಕೆಯನ್ನು ತೋರಿಸಿತು. ಸೆಪ್ಟೆಂಬರ್ 2ರಂದು ಅದನ್ನು ನಿದ್ರಾಸ್ಥಿತಿಗೆ ತರಲಾಯಿತು. ಎರಡು ವಾರಗಳ ಚಳಿರಾತ್ರಿ ಕಳೆದು ಮತ್ತೆ ಬೆಳಕಾದಾಗ ನಡೆದ ಸಂಪರ್ಕದ ಯತ್ನಗಳಿಗೆ ಉತ್ತರ ಬರಲಿಲ್ಲ. ಆದರೂ ಅದು ಕಳಿಸಿದ ದತ್ತಾಂಶ ಬ್ಯಾಲಾಳಿನಲ್ಲಿಯೇ ಇರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿ ಸಂಗ್ರಹಗೊಂಡಿದ್ದು, ಸಂಶೋಧಕರು ಅದನ್ನು ಈಗಲೂ ಪರಿಶೀಲಿಸುತ್ತಿದ್ದಾರೆ.